ಕೆಸುವಲ್ಲದ ಎಲೆ

ನಾಗಪುರದ ಸಿವಿಲ್ ಲೈನ್ಸಿನ ನಮ್ಮ ಕ್ವಾರ್ಟರ್ಸಿನಲ್ಲಿ ಗಿಡದ ವಿಷಯಕ್ಕೆ ನನ್ನ ಮಾತೇ ಕೊನೆಯದಾಗಿತ್ತು. ಮನಿ ಪ್ಲಾಂಟೋ ಫಿಲೊಡೆಂಡ್ರಾನೋ ಎಂದು ಅಕ್ಕಪಕ್ಕದವರು ಮೊಬೈಲಿನಲ್ಲಿ ಫೋಟೊ ಕಳಿಸುತ್ತಿದ್ದರು. ಹೊಸ ಎಲೆಗೆ ತೆಳು ಪೊರೆಯಿದ್ದು, ಅದು ಒಣಗಿ ಉದುರಿದರೆ ಫಿಲೊಡೆಂಡ್ರಾನ್ ಎಂದು ನಾನು ಪಾಠ ಶುರು ಮಾಡುತ್ತಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಚಟ.

ಅತ್ತೆ ಉಡುಪಿ ಕಡೆಯವರು. ಎಂಬತ್ತು ದಾಟಿತ್ತು, ಉಬ್ಬಸ ಬೇರೆ. ಆ ಮಳೆಗಾಲ ಅವರಿಗೆ, ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಯ ಆಸೆಯಾಯಿತು. ಬಜಾರಿನ ಕೆಸುವಿನ ಎಲೆ ತೀರಾ ಚಿಕ್ಕದೆಂದು ಮೂಗು ಮುರಿದರು. ನಮಗಿಂತ ಮೊದಲು ಆ ಮನೆಯಲ್ಲಿದ್ದವರು ಹಿತ್ತಿಲ ನಲ್ಲಿಯ ಹತ್ತಿರ ದೊಡ್ಡೆಲೆಯ ಗಿಡಗಳನ್ನು ಬೆಳೆಸಿದ್ದರು. ಕಾಲೇಜಿಗೆ ಹೊತ್ತಾಗುತ್ತಿತ್ತು. ಸಿಡುಕಿಕೊಂಡೇ ಹೋಗಿ ಹತ್ತು ಎಲೆ ಕೊಯ್ದು ತಂದುಕೊಟ್ಟೆ.

ಅವರು ಒಂದನ್ನು ಬೆಳಕಿಗೆ ಹಿಡಿದು ನೋಡಿದರು. “ಇದು ಕೆಸುವಾ ಮಾರಾಯ್ತಿ? ದಂಟು ಅಂಚಿಂದಲೇ ಹೊರಟಿದೆ. ನಮ್ಮದಕ್ಕೆ ಎಲೆಯ ಒಳಗೆ ಸೇರಿಕೊಂಡಿರ್ತದೆ ಅಲ್ವಾ?”

ಅದು ನಾನೇ ವರ್ಷವರ್ಷ ಬೋರ್ಡಿನ ಮೇಲೆ ಬರೆದು ತೋರಿಸುವ ವ್ಯತ್ಯಾಸ. ಕೆಸು ಕೊಲೊಕೇಸಿಯಾ, ಅಂದಕ್ಕಷ್ಟೇ ಬೆಳೆಸುವ, ತಿನ್ನಬಾರದ ಅದರ ದಾಯಾದಿ ಅಲೊಕೇಸಿಯಾ. ಶಾಲೆಯ ಮೆಟ್ಟಿಲು ಹತ್ತದವರು ನನಗೆ ಹೇಳಿಕೊಡುವುದೇ ಎಂದು ಮೈ ಉರಿಯಿತು. ಎಲೆಯತ್ತ ತಿರುಗಿಯೂ ನೋಡಲಿಲ್ಲ.

“ಇಪ್ಪತ್ತು ವರ್ಷದಿಂದ ಇದೇ ಪಾಠ ಮಾಡ್ತಿದ್ದೇನೆ ಅತ್ತೆ. ನಂಗೆ ಗೊತ್ತುಂಟು.”

“ಹಾಗಾದ್ರೆ ಸರಿ. ನೀನು ಓದಿದವಳು,” ಎಂದು ಅವರು ಹಿಟ್ಟು ಸವರಲು ಕುಳಿತರು.

ಕೆಸು ಗಂಟಲು ತುರಿಸುವುದುಂಟು. ಹಾಗಾಗಿ ಮಾಡಿದವರೇ ಮೊದಲ ತುಂಡು ತಿಂದು, ಸ್ವಲ್ಪ ಹೊತ್ತು ಕಾದು, ಆಮೇಲೆ ಮಕ್ಕಳಿಗೆ ಬಡಿಸುವುದು ಅವರ ಮನೆಯ ಪದ್ಧತಿ. ಸಂಜೆ ನಾನು ಬಂದಾಗ ನನ್ನ ಮಕ್ಕಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದರು. ಅತ್ತೆ ಅಡುಗೆಮನೆಯ ನೆಲದ ಮೇಲಿದ್ದರು. ನಾಲಗೆ ಊದಿತ್ತು, ಉಸಿರಿಗೆ ಒದ್ದಾಡುತ್ತಿದ್ದರು. ಒಂದು ಕೈಯಿಂದ ಮಾತ್ರ ಪತ್ರೊಡೆಯ ಪಾತ್ರೆಯ ಮುಚ್ಚಳವನ್ನು ಬಲವಾಗಿ ಒತ್ತಿ ಹಿಡಿದಿದ್ದರು.

ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಹಾಕಿದರು. ಮರುದಿನ ಡಾಕ್ಟರು, ಎಲೆ ತಂದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಗಂಡ ನನ್ನತ್ತ ನೋಡಿದರು. ನಾನು ಅತ್ತೆಯ ಹೊದಿಕೆ ಸರಿಮಾಡತೊಡಗಿದೆ. ಅಮ್ಮನೇ ಕೊಯ್ದಿರಬೇಕು, ಅವರಿಗೆ ಕಣ್ಣು ಮಂಜು ಎಂದು ಗಂಡ ಡಾಕ್ಟರಿಗೆ ಹೇಳಿ, ಮಂಚದ ಕಡೆ ಬಾಗಿದರು.

“ಹೌದಾ ಅಮ್ಮ? ನೀನೇ ಕೊಯ್ದದ್ದಾ?”

ಅತ್ತೆ ನನ್ನನ್ನೇ ನೋಡುತ್ತಾ ಹೌದೆಂದು ತಲೆಯಾಡಿಸಿದರು.

ಒಂಬತ್ತನೆಯ ದಿನ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರು. ಗಂಡನಿಗೆ ನಾನು ಇವತ್ತಿನವರೆಗೂ ನಿಜ ಹೇಳಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆ. ಊರಿನಿಂದ ಯಾರಾದರೂ ಬಂದು ವಿಷಯ ಕೇಳಿದಾಗ, “ವಯಸ್ಸಾಗಿತ್ತಲ್ಲ, ಅಮ್ಮನಿಗೆ ಎಲೆ ಗುರುತಾಗ್ಲಿಲ್ಲ,” ಎಂದು ಗಂಡ ಹೇಳುತ್ತಾರೆ. ನಾನು ಚಹಾ ತರುತ್ತೇನೆಂದು ಎದ್ದು ಒಳಗೆ ಹೋಗುತ್ತೇನೆ.