ಅಣ್ಣ ಗುರುತು ಹಿಡಿದ ಸಮಾಧಿ

ನಮ್ಮಣ್ಣ ತಾಕ್ ಇನ್‌ಬೊಮ್‌ಗೆ ಆಂದೋಂಗ್ ಪೇಟೆಯಲ್ಲಿ ಟೈರ್ ಅಂಗಡಿ. ವರ್ಷವಿಡೀ ಗಿರಾಕಿಗಳ ಕೈಲಿ ಬೈಸಿಕೊಳ್ಳುವ ಈ ಮನುಷ್ಯ ಸುಗ್ಗಿಯ ಹುಣ್ಣಿಮೆಗೆ ಹಿರಿಯರನ್ನು ನೆನೆಯುವ ಚುಸೋಕ್ ಹಬ್ಬ ಬಂತೆಂದರೆ ವಂಶದ ಯಜಮಾನನಾಗಿಬಿಡುತ್ತಾನೆ. ಹಿರಿಯರ ಎಡೆಯಲ್ಲಿ ಮೀನಿನ ತಲೆ ಪೂರ್ವಕ್ಕೆ ಸರಿಯಾಗಿ ತಿರುಗಿಲ್ಲವೆಂದು ಅತ್ತಿಗೆಯನ್ನು ಗದರುತ್ತಾನೆ. ಆ ಮೀನನ್ನು ಹುರಿದವಳು ಅವಳು. ತೊಳೆಯುವುದು ಹೇಗೆಂದೂ ಇವನಿಗೆ ಗೊತ್ತಿಲ್ಲ.

ಅಜ್ಜನ ಸಮಾಧಿಯನ್ನು ಗುರುತು ಹಿಡಿದವನೂ ಇವನೇ. ಒಂದು ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ, ಮರ ಎಲ್ಲ ಕೊಚ್ಚಿಹೋಗಿದ್ದವು. ಅಜ್ಜನಿಗೆ ಹೆಸರಿನ ಕಲ್ಲು ನೆಡಿಸುವಷ್ಟು ಅನುಕೂಲ ನಮಗಿರಲಿಲ್ಲ, ಬರೀ ಹುಲ್ಲುದಿಬ್ಬ. ಅಣ್ಣ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, ಇದ್ದುದರಲ್ಲಿ ಗಂಭೀರವಾಗಿ ಕಂಡ ದಿಬ್ಬವೊಂದನ್ನು ತೋರಿಸಿದ. ನಮ್ಮಜ್ಜನದು ಇನ್ನೂ ಕೆಳಗೆ, ಬಂಡೆಯ ಪಕ್ಕ ಇತ್ತಲ್ಲ ಎಂದೆ. ವಂಶಾವಳಿ ಬಾಯಿಪಾಠ ಇರುವುದು ನಿನಗೋ ನನಗೋ ಎಂದು ಬಾಯಿ ಮುಚ್ಚಿಸಿದ. ಅಂದಿನಿಂದ ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಹೋಗಿ ಅದರ ಹುಲ್ಲು ಕೊಯ್ದೆವು, ಹಬ್ಬದ ದಿನ ಅಡ್ಡಬಿದ್ದೆವು. ಬೆನ್ನುನೋವು ನನಗೆ, ಹೆಗ್ಗಳಿಕೆ ಅವನಿಗೆ.

ಈ ಸಲ ಹಬ್ಬದ ದಿನ ಹೋದಾಗ ದಿಬ್ಬದ ಪಕ್ಕ ಗುಡ್ಡದಾಚೆಯ ಊರಿನ ಬುನ್ರೇ ಎಂಬ ಮುದುಕಿ ಕಾದು ಕೂತಿದ್ದಳು. ನಾವು ಎಡೆಯಿಟ್ಟು, ಮಕ್ಕಳು ಮರಿಗಳೆಲ್ಲ ಅಡ್ಡಬಿದ್ದು ಏಳುವವರೆಗೆ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಆಮೇಲೆ ಅಣ್ಣನ ಮೂಗು, ಕಿವಿ ಎಲ್ಲ ದಿಟ್ಟಿಸಿ ನೋಡಿ ಕೇಳಿದಳು.

"ನಿಮ್ಮಜ್ಜಿನೋ ಅಮ್ಮನೋ, ಯಾವೂರೋಳಪ್ಪಾ ಅವಳು? ನನ್ ಗಂಡ ಅವಳನ್ನ ಯಾವಾಗ ಇಟ್ಕೊಂಡಿದ್ದ?"

ಯಾವ ಗಂಡ ಎಂದ ಅಣ್ಣ. ಅದು ಅವಳ ಗಂಡನ ಸಮಾಧಿಯಂತೆ. ಅವರಿಗೆ ಮಕ್ಕಳಿಲ್ಲ. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ ಅವನು ತೀರಿಕೊಂಡ ದಿನ ಮಾತ್ರ, ಅವಳು ಬರುತ್ತಿದ್ದಳು. ಬಂದರೆ ಹುಲ್ಲು ಕೊಯ್ದಿದೆ, ಪಕ್ಕದಲ್ಲಿ ಅಕ್ಕಿಹೆಂಡದ ಖಾಲಿ ಬಾಟಲಿ ಬಿದ್ದಿದೆ. ಇಷ್ಟು ಶ್ರದ್ಧೆ ಸ್ವಂತ ರಕ್ತಕ್ಕಲ್ಲದೆ ಯಾರಿಗಿರುತ್ತದೆ ಎಂದುಕೊಂಡಳು. ಗಂಡನಿಗೆ ಇನ್ನೊಂದು ಸಂಸಾರವಿತ್ತೆಂದು ತೀರ್ಮಾನಿಸಿ, ಅತ್ತು, ಶಪಿಸಿ, ಬರುವುದನ್ನೇ ಬಿಟ್ಟಿದ್ದಳು. ಸಾಯುವ ಮೊದಲು ಆ ಮಕ್ಕಳ ಮುಖವನ್ನೊಮ್ಮೆ ನೋಡೋಣವೆಂದು ಇಂದು ಬಂದಿದ್ದಳು.

ಅಣ್ಣ ನಿಜ ಹೇಳಿದರೆ ಸೊಸೆ, ಅಳಿಯಂದಿರ ಮುಂದೆ ಅವನ ಯಜಮಾನಿಕೆ ಹೋಗುತ್ತಿತ್ತು. ಹೇಳದಿದ್ದರೆ ಸತ್ತವನ ಮಾನ ಹೋಗುತ್ತಿತ್ತು. ಅವನು ನನ್ನ ಕಡೆ ನೋಡಿದ. ನಾನು ಎದುರು ಗುಡ್ಡದ ಪೈನ್ ಮರ ನೋಡುತ್ತ ನಿಂತೆ, ಅನುಭವಿಸಲಿ ಎಂದು. ಕೊನೆಗೆ ಅವನೇ ಮಂಡಿಯೂರಿ ಕೂತ.

"ಅಜ್ಜೀ, ಇವ್ರು ನಮಗೆ ಏನೂ ಆಗ್ಬೇಕಿಲ್ಲ. ನಮ್ಮಜ್ಜನ ಗುರುತು ನಂಗೆ ಸಿಗ್ಲೇ ಇಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು, ಕೈಗೆ ಸಿಕ್ಕಿದ್ದನ್ನ ತೋರಿಸ್ಬಿಟ್ಟೆ."

ಮುದುಕಿ ದಿಬ್ಬದ ಮೇಲೆ ಕೈಯಿಟ್ಟು ತುಂಬಾ ಹೊತ್ತು ಅತ್ತಳು. ಸುಮ್ಮಸುಮ್ಮನೆ ಬೈದೆನಲ್ಲಾ ಎಂದು ಗಂಡನನ್ನೇ ಮತ್ತೆ ಮತ್ತೆ ಕೇಳಿದಳು. ಆಮೇಲೆ ನಮ್ಮ ಹೆಂಡವನ್ನೆಲ್ಲ ಗಂಡನ ದಿಬ್ಬಕ್ಕೇ ಸುರಿದು, ಅತ್ತಿಗೆ ಕೊಟ್ಟ ಅಕ್ಕಿಕಡುಬು ಬಾಯಿಗೆ ಹಾಕಿಕೊಂಡಳು.

"ನನ್ ಸೊಂಟ ಬಗ್ಗಲ್ಲಪ್ಪಾ. ಮುಂದಿನ ವರ್ಷನೂ ನೀನೇ ಬಂದು ಹುಲ್ಲು ಕೊಯ್ಯಿ. ನಿಮ್ಮಜ್ಜಂಗೆ ಹೆಂಗೂ ಕಾದು ಅಭ್ಯಾಸ ಆಗಿದೆ."

ಕೆಳಗಿಳಿದು ನೋಡಿದರೆ ಅಜ್ಜ ನಾನು ಹೇಳಿದ ಬಂಡೆಯ ಪಕ್ಕದಲ್ಲೇ ಇದ್ದ, ಆಳೆತ್ತರದ ಮುಳ್ಳುಪೊದೆಯೊಳಗೆ. ಅಡ್ಡಬೀಳಲೂ ಜಾಗವಿರಲಿಲ್ಲ. ದಾರಿ ಸವರಲು ತಂದಿದ್ದ ಕುಡುಗೋಲನ್ನು ಅಣ್ಣ ನನ್ನ ಕೈಯಿಂದ ಇಸಿದುಕೊಂಡ. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೆ.