ಎಣ್ಣೆ ಗಟ್ಟಿಯಾಗದ ಚಳಿಗಾಲ

ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳಲೆಂದು ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಕಡ್ಡಿಯಿಂದ ಕೆದಕಿ ಅಂಗೈಯಲ್ಲಿ ತಿಕ್ಕಿದೆ. ಮೊದಲು ತಣ್ಣಗೆ ಕೊರೆಯಿತು, ಆಮೇಲೆ ಕರಗಿ ವಾಸನೆ ಎದ್ದಿತು. ಈ ವಾಸನೆಗೆ ಕರೆಯುವವರು ಬೇಕಿಲ್ಲ. ತಾನೇ ಬಂದು ನನ್ನ ಕೈ ಹಿಡಿದು ಮಾಡಗ್ಯಾಳದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕೂಡಿಸಿಬಿಡುತ್ತದೆ. ಗೋಡೆಯ ಗೂಡಿನಲ್ಲಿ ಎಣ್ಣೆ ಬಾಟಲಿ, ಮೂಲೆಯಲ್ಲಿ ಕತ್ತರಿಸಿ ತಂದ ಕುರಿ ಉಣ್ಣೆಯ ಕಮಟು, ಒಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಯುವ ಘಮ. ನಿಮಗೂ ಇಂಥದೊಂದು ವಾಸನೆ ಇದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ಮನೆ ಈಗ ಇಲ್ಲ. ಆ ಬಾಟಲಿಯನ್ನು ದಿನಾ ಬಗ್ಗಿಸಿ ನೋಡುತ್ತಿದ್ದವರೂ ಇಲ್ಲ.

ನಮ್ಮ ಮನೆಯಲ್ಲಿ ಆ ಎಣ್ಣೆ ತಲೆಗೆ ಎಷ್ಟು ಬೇಕಿತ್ತೋ ಮೀನಿಗೂ ಅಷ್ಟೇ ಬೇಕಿತ್ತು. ಅವ್ವನ ತಮ್ಮ ಸಿದರಾಯ ಮಾಮಾ ನಮ್ಮ ಜೊತೆಗೇ ಇದ್ದು ಕುರಿ ಕಾಯುತ್ತಿದ್ದ. ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಸನಮಡಿ ಕಡೆಯ ಹಳ್ಳದ ಮಡುವಿಗೆ ಮೀನು ಹಿಡಿಯಲು ಹೋಗುತ್ತಿದ್ದ. ಬಲೆಯಿಲ್ಲ, ಗಾಳವಿಲ್ಲ, ತಳ ಕಿತ್ತ ಒಂದು ಹಳೇ ಬುಟ್ಟಿ ಅಷ್ಟೆ. ಕಡು ಚಳಿಯ ನಸುಕಿನಲ್ಲಿ ಮೀನುಗಳು ಮರಗಟ್ಟಿ, ದಂಡೆಯ ಕೆಸರಿನಲ್ಲಿ ಅಲ್ಲಾಡದೆ ಮಲಗಿರುತ್ತವೆ. ಮೆಲ್ಲಗೆ ಅವುಗಳ ಮೇಲೆ ಬುಟ್ಟಿ ಬೋರಲು ಹಾಕಿ, ಮೇಲಿನ ತೂತಿನಿಂದ ಕೈ ಬಿಟ್ಟು ಎತ್ತಿಕೊಳ್ಳುವುದು. ಅಷ್ಟು ಚಳಿ ಬಿದ್ದಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಎಣ್ಣೆ ಬಾಟಲಿ. ಎಣ್ಣೆ ಗಟ್ಟಿಯಾಗದೆ ಮಾಮಾ ಮಡುವಿನ ಕಡೆ ತಲೆ ಹಾಕಿ ಮಲಗುತ್ತಲೂ ಇರಲಿಲ್ಲ.

ನನ್ನಕ್ಕ ಮಾಯವ್ವ ಸಣ್ಣವಳಿದ್ದಾಗಿನಿಂದ ತನ್ನನ್ನೂ ಕರೆದೊಯ್ಯೆಂದು ಅವನ ಬೆನ್ನು ಹತ್ತಿದ್ದಳು. ಹುಡುಗಿಯರಿಗೆ ಅದೆಂಥ ನೀರಾಟ ಎಂದು ಆಯಿ, ಅಂದರೆ ನಮ್ಮಜ್ಜಿ, ಪ್ರತಿ ವರ್ಷ ಅಡ್ಡ ಬರುತ್ತಿದ್ದಳು. ನಮ್ಮೂರನ್ನಾಳುತ್ತಿದ್ದ ಜತ್ತದ ಸಂಸ್ಥಾನ ಹೋಗಿ ಕೆಲವು ವರ್ಷಗಳಾಗಿದ್ದವು; ಆ ಚಳಿಗಾಲಕ್ಕೆ ಅಕ್ಕನ ಮದುವೆ ಗೊತ್ತಾಯಿತು. ಗಂಡಿನ ಊರು ಭೀಮೆಯಾಚೆ, ಮಾಘದಲ್ಲಿ ಅಕ್ಷತೆ. ಆಗ ಮಾಮಾ ಎಲ್ಲರೆದುರೇ ಮಾತು ಕೊಟ್ಟ: "ಈ ಸಲ ಬುಟ್ಟಿ ನನ್ನ ಕೈಯಾಗಲ್ಲ, ಮಾಯವ್ವನ ಕೈಯಾಗ. ಎಣ್ಣಿ ಒಂದು ಗಟ್ಟಿ ಆಗ್ಲಿ." ಕೊನೆಯ ವರ್ಷವೆಂದು ಆಯಿಯೂ ಸುಮ್ಮನಾದಳು. ಅಂದಿನಿಂದ ಮನೆಯಲ್ಲಿ ಅದೇ ಸಡಗರ. ನೀರಿನಿಂದ ಎದ್ದ ಮೇಲೆ ಹೊದೆಯಲು ಹೊಸ ಕಂಬಳಿ, ದಂಡೆಯ ಮೇಲೆ ಬೆಂಕಿ ಮಾಡಲು ಒಣ ಕುಳ್ಳು, ಬುತ್ತಿಗೆ ಸಜ್ಜೆ ರೊಟ್ಟಿ, ಅಗಸಿ ಹಿಂಡಿ. ಅಕ್ಕ ಅಂಗಳದಲ್ಲಿ ಸೀರೆ ಎತ್ತಿ ಕಟ್ಟಿ, ಕೋಳಿಗಳ ಮೇಲೆ ಬುಟ್ಟಿ ಹಾಕಿ ಕೈ ಪಳಗಿಸಿಕೊಂಡಳು. "ಕೋಳಿ ತತ್ತಿ ಇಡೂದ ಬಿಟ್ಟಾವ, ನಿನ್ನ ಮೀನಿನ ಹುಚ್ಚಿಗೆ ಬೆಂಕಿ ಹಚ್ಚಲಿ!" ಎಂದು ಆಯಿ ಬೈದರೆ, ಅಕ್ಕ ನೆಲಕ್ಕೆ ಕೂತು ನಗುತ್ತಿದ್ದಳು.

ಆದರೆ ಚಳಿ ಬರಲಿಲ್ಲ. ಎಳ್ಳಮಾವಾಸ್ಯೆ ಬಂತು, ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿದೆವು, ಆಗಲೂ ಬೆವರು. ಆಕಾಶಕ್ಕೆ ಮೋಡ ಮುಸುಕು ಹಾಕಿಕೊಂಡು ಕೂತಿತ್ತು. ಕಂಬಳಿಗಳು ಹಗ್ಗದಿಂದ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಮಾಮಾ, ಅಕ್ಕ, ನಾನು ಮೂವರೂ ಗೂಡಿನ ಮುಂದೆ ನಿಲ್ಲುತ್ತಿದ್ದೆವು. ಮಾಮಾ ಬಾಟಲಿ ಬಗ್ಗಿಸುತ್ತಿದ್ದ, ಎಣ್ಣೆ ಆ ಕಡೆಯಿಂದ ಈ ಕಡೆ ನೀರಿನಂತೆ ಹರಿಯುತ್ತಿತ್ತು. ನಾನೊಮ್ಮೆ ಮರಾಠಿ ಸಾಲೆಯಲ್ಲಿ ಮಾಸ್ತರರು ಹೇಳಿದ್ದನ್ನು ತಂದು ಹೇಳಿದೆ: ಎಲ್ಲೋ ದೂರದ ದೇಶಗಳಲ್ಲಿ ಕೆರೆಯೇ ಕಲ್ಲಾಗುತ್ತದಂತೆ, ಜನ ಅದರ ಮೇಲೆ ಕೂತು ತೂತು ಕೊರೆದು ಮೀನು ಹಿಡಿಯುತ್ತಾರಂತೆ. ಮಾಮಾ ಬಹಳ ಹೊತ್ತು ವಿಚಾರ ಮಾಡಿ ಕೇಳಿದ, "ಹಂಗಾರ ಅವರು ತಲಿಗಿ ಎಣ್ಣಿ ಹೆಂಗ ಹಚ್ಚಗೋತಾರ?"

ಸಂಕ್ರಾಂತಿ ದಾಟಿದ ಮೇಲೆ ಅಕ್ಕನ ನಗು ಕಡಿಮೆಯಾಯಿತು. ಒಂದು ಬೆಳಿಗ್ಗೆ ಬಾಟಲಿಯನ್ನು ತಾನೇ ತಂದು ಮಾಮಾನ ಮುಂದೆ ಹಿಡಿದಳು. ಎಣ್ಣೆ ಅಂಚಿನಲ್ಲಿ ಬೆಳ್ಳಗಾಗಿತ್ತು. ಮಾಮಾ ಅದನ್ನು ಕೈಗೆ ತೆಗೆದುಕೊಂಡ, ಗಾಜು ಒದ್ದೆ. ಹಿಂದಿನ ದಿನವೇ ಅಕ್ಕ ಅದನ್ನು ಹಸಿ ಅರಿವೆಯಲ್ಲಿ ಸುತ್ತಿ ನೀರಿನ ಹರವಿಯ ಮಗ್ಗುಲಿಗೆ ಇಟ್ಟಿದ್ದಳು. ಮಾಮಾ ಬೈಯಲಿಲ್ಲ. "ಎಣ್ಣಿಗೆ ಥಂಡಿ ಹತ್ತೇತಿ ನಮ್ಮವ್ವ, ಮೀನಿಗೆ ಹತ್ತಿಲ್ಲ," ಎಂದ. ಅಕ್ಕ, "ಮೀನ ಸಿಗದಿದ್ರ ಇರ್ಲಿ ಮಾಮಾ, ಹೋಗಿ ಬರೂಣು," ಅಂದಳು. "ಬರಿಗೈಲೆ ಕರ್ಕೊಂಡು ಬರಲೇನ ನಿನ್ನ? ತಡಿ, ಇನ್ನಾ ದಿನಾ ಅದಾವ," ಎಂದು ಅವನು ಕುರಿಗಳ ಹಿಂದೆ ನಡೆದ. ಅವನಿಗೆ ಅವಳ ಬುಟ್ಟಿಯ ತುಂಬ ಮೀನು ಕಾಣಬೇಕಿತ್ತು. ಅವಳಿಗೆ ಬೇಕಾದದ್ದು ಅವನ ಜೊತೆ ಆ ದಾರಿ ನಡೆಯುವುದು, ಅಷ್ಟೇ.

ಮದುವೆಯಾಯಿತು. ಬಂಡಿ ಶೇಗಾಂವದ ದಾರಿ ಹಿಡಿದು ಕಾಣದಾಯಿತು. ಮರುದಿನ ನಸುಕಿಗೆ ನಾನು ನಡುಗುತ್ತಾ ಎದ್ದೆ. ಮೋಡ ಹರಿದಿತ್ತು, ಗಾಳಿ ಚೂರಿಯಂತೆ ಕೊಯ್ಯುತ್ತಿತ್ತು. ಮಾಮಾ ಪಡಸಾಲೆಯಲ್ಲಿ ಬಾಟಲಿಯನ್ನು ತಲೆಕೆಳಗು ಹಿಡಿದುಕೊಂಡು ಕೂತಿದ್ದ. ಎಣ್ಣೆ ಅಲ್ಲಾಡಲಿಲ್ಲ. ನನ್ನನ್ನು ಕಂಡು ಅವನು, "ಬರೇ ನೀರ ನೋಡಾಕ ಕರ್ಕೊಂಡು ಹೋಗಿದ್ರೂ ನಡೀತಿತ್ತಲ್ಲವಾ," ಎಂದ. ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿ ನನ್ನ ತಲೆಗೆ ಹಚ್ಚಿದ. ಅದು ಅಕ್ಕನ ಕೆಲಸವಾಗಿತ್ತು. ಅವನಿಗೆ ಜಡೆ ಹೆಣೆಯಲು ಬರುತ್ತಿರಲಿಲ್ಲ. ಆ ದಿನ ನಾನು ಕೂದಲು ಕೆದರಿಕೊಂಡೇ ಸಾಲೆಗೆ ಹೋದೆ. ಆ ವರ್ಷ ಬುಟ್ಟಿ ನೀರು ಕಾಣಲಿಲ್ಲ.

ಅಕ್ಕ ನಾಗರ ಪಂಚಮಿಗೆ ಬರುತ್ತಿದ್ದಳು, ಚಳಿಗಾಲದಲ್ಲಿ ಎಂದೂ ಅಲ್ಲ. ಆಗ ಅವಳ ಗಂಡನ ಮನೆಯಲ್ಲಿ ಜೋಳದ ಸುಗ್ಗಿ, ಕಳಿಸುತ್ತಿರಲಿಲ್ಲ. ಪಂಚಮಿಯಲ್ಲಿ ಮಡುವಿನ ತುಂಬ ಮಳೆಯ ಕೆಂಪು ನೀರು. "ಈ ಸಲ ಥಂಡ್ಯಾಗ ಕಳಸ್ರಿ ಅಂತ ಬೀಗರಿಗೆ ಹೇಳ್ತೀನಿ," ಎಂದು ಮಾಮಾ ಪ್ರತಿ ಸಲವೂ ಅನ್ನುತ್ತಿದ್ದ, ಅಕ್ಕ ಪ್ರತಿ ಸಲವೂ ಹೂಂ ಅನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಆಯಿ ಹೋದಳು, ಅವ್ವ ಹೋದಳು, ಮಾಮಾ ಹೋದ, ಕಡೆಗೆ ಅಕ್ಕನೂ ಹೋದಳು. ಉಳಿದವಳು ನಾನೊಬ್ಬಳೇ, ಎಣ್ಣೆಗೂ ಮೀನಿಗೂ ಏನು ಸಂಬಂಧವೆಂದು ತಿಳಿದಿರುವವಳು.

ಇವತ್ತು ಬೆಳಿಗ್ಗೆ ಬಾಟಲಿ ಹಿಡಿದು ಬಾಗಿಲ ತನಕ ಹೋದೆ. "ಅಕ್ಕಾ, ಎಣ್ಣಿ ಗಟ್ಟಿ ಆಗೇತಿ ನೋಡು" ಎಂಬ ಮಾತು ತುಟಿಗೆ ಬಂದು ನಿಂತಿತು. ಹೊರಗೆ ಅಂಗಳದಲ್ಲಿ ಎಳೆ ಬಿಸಿಲು ಬಿದ್ದಿತ್ತು. ಕರಗಲೆಂದು ಅಲ್ಲಿಡಬೇಕಿತ್ತು, ಕೈ ಬರಲಿಲ್ಲ. ಇನ್ನೊಂದು ಗಳಿಗೆ ಹಾಗೇ ಇರಲಿ ಎಂದು ಒಳಗೆ ತಂದು ನೆರಳಿನಲ್ಲಿಟ್ಟೆ.