ದೊರೆಯ ವಂಶ ಹೇಳಿದ ಹೆಳವರ ಯಂಕಣ್ಣ

ಮಾನ್ವಿಯ ಹೆಳವರ ಯಂಕಣ್ಣನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನೀರಮಾನ್ವಿಯಿಂದ ದೇವದುರ್ಗದವರೆಗೆ ಯಾವ ಮನೆತನ ಕೇಳಿದರೂ ಯಾರಿಗೆ ಯಾರು ಹುಟ್ಟಿದರು, ಯಾರ ಹೊಲ ಯಾರು ನುಂಗಿದರು ಎಂದು ಏಳು ತಲೆಮಾರು ಪಟಪಟನೆ ಒಪ್ಪಿಸುತ್ತಿದ್ದ. ಅದೇ ಅವನ ಕಸುಬು. ಕಾಲು ನೆಟ್ಟಗಿದ್ದರೂ ಹೆಳವನಾದವನು ಎತ್ತಿನ ಮೇಲೆ ಕಂಬಳಿ ಹೊದ್ದು ಕುಂತೇ ಊರು ಹೊಗಬೇಕು. ನಡೆದು ಬಂದರೆ ಸೇರು ಜೋಳವೂ ಹುಟ್ಟುವುದಿಲ್ಲ. ೧೯೪೩ರಲ್ಲಿ ಅವನ ಎತ್ತು ಸತ್ತಿತು. ಪಾಪ, ಅನ್ನಕ್ಕೇ ಕಲ್ಲು ಬಿತ್ತು.

ಆಗ ರಾಯಚೂರಿನ ಬಂಗಲೆಯಲ್ಲಿ ಆಲ್ಡರ್ಟನ್ ಎಂಬ ದೊರೆಯಿದ್ದ. ಇಂಗ್ಲೆಂಡಿನ ದೊಡ್ಡ ಜಹಗೀರುದಾರನ ಮಗ, ನಿಜಾಮರ ಸರ್ಕಾರದಲ್ಲಿ ನೌಕರಿ. ಮನೆತನದ ದೊಡ್ಡಸ್ತಿಕೆ ಕೊಚ್ಚಿಕೊಳ್ಳದೆ ಚಹಾ ಕೂಡ ಕುಡಿಯುತ್ತಿರಲಿಲ್ಲ. ಅತಿಥಿಗಳ ಮುಂದೆ ತನ್ನ ವಂಶ ಹೇಳಿದರೆ ಎತ್ತು ಕೊಡುವುದಾಗಿ ಯಂಕಣ್ಣನಿಗೆ ಹೇಳಿಕಳಿಸಿದ.

ಯಂಕಣ್ಣ ಹಿಂದಿನ ದಿನವೇ ಹೋಗಿ ಪದ್ಧತಿಯಂತೆ ವಿವರ ಕೇಳಿದ. ಅಡುಗೆಯ ಲಾಲ್ ಸಾಬ್ ದೊರೆಯ ಮಾತನ್ನು ಕನ್ನಡದಲ್ಲಿ ತಿಳಿಸಿದ. ನೂರು ಕೋಣೆಯ ಮನೆ, ಕಣ್ಣು ಹಾಯುವಷ್ಟು ಹೊಲ.

“ಅಣ್ತಮ್ಮರು ಎಷ್ಟ್ ಮಂದಿರೀ?”

“ಇಬ್ರು. ಇವ್ರು ಸಣ್ಣವ್ರು.”

“ಇವ್ರ ಪಾಲಿಗೆ ಎಷ್ಟ್ ಎಕ್ರಿ ಬಂತು?”

“ಒಂದ್ ಗುಂಟೆನೂ ಇಲ್ಲ. ಅವ್ರ ಕಡಿ ಎಲ್ಲಾ ಹಿರ್‍ಯಾವ್ಗೇ.”

ಯಂಕಣ್ಣ ಲೊಚಗುಟ್ಟಿದ. ಇಷ್ಟು ದೊಡ್ಡ ಅನ್ಯಾಯವನ್ನು ಅವನು ಮಾನ್ವಿ ತಾಲೂಕಿನಲ್ಲಿ ಕೇಳಿರಲಿಲ್ಲ. ಪಾಲಿನ ಮಾತು ಮುಚ್ಚಿಟ್ಟು ವಂಶ ಹೇಳುವುದು ಹೆಳವರಲ್ಲಿ ಇಲ್ಲ.

ಮರುದಿನ ದೊರೆ ಬಿಳಿ ಎತ್ತು ತರಿಸಿ ಅದರ ಮೇಲೆಯೇ ಅವನನ್ನು ಕೂರಿಸಿದ. ಎದುರಿಗೆ ಊರಿನ ವಕೀಲರು, ಸಾಹುಕಾರರು. ಯಂಕಣ್ಣ ಗಂಟೆ ಬಾರಿಸಿ ಹಿರಿಯರನ್ನೆಲ್ಲ ಹೊಗಳಿ ಕೊನೆಗೆ ದನಿ ಎತ್ತಿದ: “ಅಣ್ಣ ಎಲ್ಲಾ ನುಂಗಿದಾ! ತಮ್ಮಗ ಕುಂಡಿ ಊರಾಕ ಜಾಗಾ ಕೊಡ್ಲಿಲ್ಲಾ! ಸಮುದ್ರ ದಾಟಿ ರಾಯಚೂರಿಗೆ ದುಡಿಯಾಕ ಬಂದಾ!”

ವಕೀಲರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಲಾಲ್ ಸಾಬ್ ದೊರೆಗೆ ಅರ್ಥ ಹೇಳುತ್ತ ಸೂರ್ಯವಂಶ ಗೀರ್ಯವಂಶ ಎಂದು ತೇಪೆ ಹಚ್ಚಲು ಹೋದ. ಆದರೆ ರಾಯಚೂರಿಗೆ ಬಂದ ಐದು ವರ್ಷದಲ್ಲಿ ದೊರೆಗೂ ಅಷ್ಟು ಕನ್ನಡ ಬಂದಿತ್ತು.

“ಎತ್ತಿನಿಂದ ಇಳಿ,” ಎಂದ, ಕನ್ನಡದಲ್ಲೇ.

“ಯಪ್ಪಾ, ಪಾಲು ಕೊಡದವ್ರ ಮ್ಯಾಲ ಸಿಟ್ಟಾಗ್ರಿ. ಹೇಳಿದವನ ಮ್ಯಾಲ ಯಾಕ?” ಎನ್ನುತ್ತಲೇ ಯಂಕಣ್ಣ ಇಳಿದ. ಮಾನ್ವಿಗೆ ನಡೆದೇ ಹೋದ.

ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ನಡೆದು ಬಂದವನೆಂದು ಯಾರೂ ಮೂತಿ ತಿರುವಲಿಲ್ಲ. ದೊರೆಯ ಮನೆತನ ಹೇಳೆಂದು ಕರೆಕರೆದು ಕೂರಿಸಿದರು. ಪಾಲಿನ ಜಗಳವಿದ್ದ ಮನೆಗಳಲ್ಲಿ ತಮ್ಮಂದಿರೇ ಚೀಲ ತುಂಬಿ ಜೋಳ ಕೊಟ್ಟರು. ಎರಡು ಸುಗ್ಗಿ ಕಳೆಯುವುದರಲ್ಲಿ ಯಂಕಣ್ಣ ಸ್ವಂತ ಎತ್ತು ಹತ್ತಿದ.

೧೯೪೭ರಲ್ಲಿ ಮಲ್ಲಟದ ಶೇಖಮ್ಮ ಅವನಿಗೆ ಜೋಳ ನೀಡುತ್ತ ಕೇಳಿದಳು: “ದೊರಿಗೋಳು ತಮ್ಮ ತಮ್ಮ ಮನಿಗೆ ಹೊಂಟಾರಂತಲ್ಲೋ ಯಂಕಣ್ಣ. ಪಾಲಿಲ್ಲದ ಆ ಪಾಪದವ ಎಲ್ಲಿಗೆ ಹೋಗ್ತಾನ?”